ಅರ್ಧಕ್ಕೆ ನಿಂತ ಮೂರನೆಯ ಗೆರೆ

ಹೋದ ವಾರ ನಮ್ಮ ಅಮರಗೋಳದ ಮನೆಗೆ ಕರೆಂಟ್ ಮೀಟರ್ ಬದಲಿಸಲು ಲೈನ್‌ಮನ್ ಬಂದಿದ್ದ. ಹಳೆಯ ಮೀಟರಿನ ತಂತಿ ಕತ್ತರಿಸಿದಾಗ ಹುಣಸೆಬೀಜದಷ್ಟು ದೊಡ್ಡ ಸೀಸದ ಮುದ್ರೆಯೊಂದು ಟಪ್ಪೆಂದು ಹೊಸ್ತಿಲ ಮೇಲೆ ಬಿತ್ತು. ಹೊಸದಕ್ಕೆ ಪ್ಲಾಸ್ಟಿಕ್ಕಿನದೊಂದು ಸಿಕ್ಕಿಸಿ ಅವನು ಹೋದ. ಕಸಕ್ಕೆ ಹಾಕೋಣವೆಂದು ಆ ಸೀಸವನ್ನು ಎತ್ತಿಕೊಂಡವಳು ಅಂಗೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟೆ. ಆ ತಣ್ಣನೆಯ ಭಾರ, ಮೇಲೆ ಇಕ್ಕಳ ಒತ್ತಿದ ಗುರುತು... ಒಲೆಯ ಮೇಲಿನ ಹಾಲು ಉಕ್ಕಿ ಹೋದದ್ದೂ ನನಗೆ ಗೊತ್ತಾಗಲಿಲ್ಲ. ಹೊಟ್ಟೆಯೊಳಗಿನ ಹಳೆಯ ಸಿಟ್ಟು ಎದ್ದು ಕೂತಿತ್ತು.

ನಿಜ ಹೇಳಬೇಕೆಂದರೆ ಆ ಸಿಟ್ಟು ನನ್ನದಲ್ಲ, ಹವಾಲ್ದಾರ ಕಾಕಾ ಅವರದು. ಅವರು ಹೋಗುವಾಗ ಅದನ್ನು ನನ್ನ ಹತ್ತಿರ ಬಿಟ್ಟು ಹೋದರು. ಇಟ್ಟುಕೊಳ್ಳಬಾರದಿತ್ತು ಅನ್ನುವವರು ಇದ್ದಾರೆ, ನನ್ನ ಗಂಡನೂ ಅದನ್ನೇ ಅನ್ನುತ್ತಾರೆ. ಕ್ಷಮೆ ದೊಡ್ಡದು, ಮರೆತುಬಿಡು ಎಂದು ಯಾರಾದರೂ ನನ್ನ ಮುಂದೆ ಶುರು ಮಾಡಿದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ. ಅನುಭವಿಸಿದವರಿಗೆ ಗೊತ್ತು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಒಳಗೆ, ಎರಡು ತಿರುವು ದಾಟಿದ ಮೇಲೆ, ಒಂದು ತಗಡಿನ ಶೆಡ್ಡು. ಡಿಪ್ಲೊಮಾ ಮುಗಿಸಿ ನಾನು ಅಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿದ್ದೆ. ಸೇನೆಯ ಡಿಪೋದಿಂದ ಹಳೆಯ ಲಾರಿಗಳು ಆರಾರಾಗಿ ನಮ್ಮಲ್ಲಿಗೆ ಬರುತ್ತಿದ್ದವು. ಅವುಗಳ ಡೀಸೆಲ್ ಟ್ಯಾಂಕಿಗೆ ಕಳ್ಳರ ಕೈ ತಾಗದಂತೆ ಮಾಡಿ ಕಳಿಸುವುದು ನಮ್ಮ ಕೆಲಸ. ಎಣ್ಣೆ ಹಾಕುವ ಬಾಯಿಯೊಳಗೆ ಪೈಪು ಇಳಿಯದ ಹಾಗೆ ಜಾಲರಿ ಬೆಸೆಯುವುದು, ಬೀಗದ ಮುಚ್ಚಳ ಕೂಡಿಸುವುದು, ತಳದಲ್ಲಿ ಎಣ್ಣೆ ಬಸಿಯುವ ತಿರುಪಿಗೆ ಉಕ್ಕಿನ ಹೊದಿಕೆ ಹಾಕುವುದು, ಕೊನೆಗೆ ಮುಚ್ಚಳಕ್ಕೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತುವುದು. ಟ್ಯಾಂಕು ಸಿದ್ಧಮಾಡುತ್ತಿದ್ದವರು ಕಾಕಾ. ಮುದ್ರೆ ಒತ್ತಿ ಸಹಿ ಹಾಕುತ್ತಿದ್ದವಳು ನಾನು.

ಅವರು ಸೈನ್ಯದಲ್ಲಿ ವಾಹನ ರಿಪೇರಿ ಮಾಡುತ್ತಿದ್ದ ಹವಾಲ್ದಾರ. ಕುಂದಗೋಳದ ಕಡೆಯ ಹಳ್ಳಿಯಿಂದ ದಿನಾ ಮುಂಜಾನೆ ಬಸ್ಸಿಗೆ ಬರುತ್ತಿದ್ದರು. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಕೆಳಗಿನದು ತುಸು ಗಿಡ್ಡ, ಮಡಿಕೆ ಕೆಡದ ಖಾಕಿ ಪ್ಯಾಂಟು. ಊಟಕ್ಕೆ ಮೊದಲು ಜೋಳದ ಹಿಟ್ಟಿನಿಂದ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಸಾಬೂನಿಗೆ ಡೀಸೆಲ್ ವಾಸನೆ ಹೋಗುವುದಿಲ್ಲ ಎಂದು ಅವರ ವಾದ. ತಿಕ್ಕಿದ ಮೇಲೂ ಮೂಗಿನ ಹತ್ತಿರ ಹಿಡಿದು ಮೂಸಿ ನೋಡಿ, ಮುಖ ಗಂಟಿಕ್ಕಿ, ಮತ್ತೊಮ್ಮೆ ತೊಳೆಯುವರು. ಮಾತು ಕಡಿಮೆ. ತಪ್ಪು ಬೆಸುಗೆ ಕಂಡರೆ ಮಾತ್ರ ಇಡೀ ಶೆಡ್ಡಿಗೆ ಕೇಳುವ ಹಾಗೆ ಬಯ್ಯುತ್ತಿದ್ದರು.

ನನಗೆ ತಪಾಸಣೆ ಕಲಿಸಿದ್ದು ಕಾಲೇಜಲ್ಲ, ಕಾಕಾ. ಅವರ ಪದ್ಧತಿಯೇ ಬೇರೆ. ಸಿದ್ಧವಾದ ಟ್ಯಾಂಕಿನ ಮುಂದೆ ನನ್ನನ್ನು ನಿಲ್ಲಿಸಿ ಕೈಗೆ ಒಂದು ರಬ್ಬರ್ ಪೈಪು, ನಟ್ಟು ಬಿಚ್ಚುವ ಒಂದು ಪಾನಾ, ಒಂದು ಸ್ಕ್ರೂಡ್ರೈವರ್ ಕೊಡುವರು. "ಈಗ ಕದೀರಿ ನೋಡೂಣ" ಅನ್ನುವರು. ಕದಿಯಲು ಗೊತ್ತಿಲ್ಲದವರು ಕಾಯುವುದು ಹೇಗೆ ಎಂದು ಅವರ ಪ್ರಶ್ನೆ. ನಾನು ಮೊದಮೊದಲು ನಾಚಿಕೊಂಡೆ. ಆಮೇಲೆ ನನಗೂ ಅದರ ರುಚಿ ಹತ್ತಿತು. ಮುಚ್ಚಳದಿಂದ ನೋಡಿದೆ, ತಳದಿಂದ ನೋಡಿದೆ, ಎಣ್ಣೆ ಇಂಜಿನ್ನಿಗೆ ಹೋಗುವ ನಳಿಗೆಯನ್ನೂ ಬಿಡಲಿಲ್ಲ. ಎಲ್ಲ ಕಡೆ ಅವರ ಕಾವಲು ಇತ್ತು.

ಆರು ತಿಂಗಳಾದ ಮೇಲೆ ಒಂದು ದಿನ ಊಟದ ಬಿಡುವಿನಲ್ಲಿ ನನ್ನ ಕಣ್ಣು ಟ್ಯಾಂಕಿನ ನೆತ್ತಿಯ ಮೇಲೆ ಬಿತ್ತು. ಅಲ್ಲಿ ಅಂಗೈಯಗಲದ ಒಂದು ದುಂಡನೆಯ ತಟ್ಟೆ ಇರುತ್ತದೆ, ಐದು ಸ್ಕ್ರೂ ಬಿಗಿದಿರುತ್ತಾರೆ. ಎಣ್ಣೆ ಎಷ್ಟಿದೆ ಎಂದು ತೋರಿಸುವ ಗೇಜಿನ ತಟ್ಟೆ ಅದು. ಆ ಐದು ಸ್ಕ್ರೂ ಬಿಚ್ಚಿ, ತಟ್ಟೆ ಎತ್ತಿ, ಪೈಪು ಇಳಿಬಿಟ್ಟೆ. ಮುಚ್ಚಳದ ಬೀಗ ಹಾಗೇ ಇತ್ತು, ನಾನೇ ಒತ್ತಿದ ಸೀಸದ ಮುದ್ರೆ ಹಾಗೇ ಇತ್ತು. ಬಾಗಿಲಿಗೆ ಕೀಲಿ ಹಾಕಿ ಕಾಯುತ್ತ ಕೂತಿದ್ದರೆ ಕಳ್ಳ ಹಂಚು ತೆಗೆದು ಇಳಿದ ಹಾಗೆ. ತಿರುಗಿ ನೋಡಿದರೆ ಕಾಕಾ ನಗುತ್ತಿದ್ದರು. ಅವರು ನಕ್ಕಿದ್ದನ್ನು ಅವತ್ತೇ ಮೊದಲ ಸಲ ನೋಡಿದ್ದು.

"ನೀವು ಆರು ತಿಂಗಳಿನ್ಯಾಗ ಕಂಡ ಹಿಡದ್ರಿ ಯವ್ವಾ. ನಂಗ ಇದು ತಿಳೀಬೇಕಾದ್ರ ನನ್ನ ನೌಕರಿ ಹೋಗಿತ್ತು" ಅಂದರು.

ಆಮೇಲೆ ಎಲ್ಲ ಹೇಳಿದರು. ಮರುಭೂಮಿಯಲ್ಲಿ ಸಾಲಾಗಿ ಹೊರಟಿದ್ದ ಲಾರಿಗಳು. ಅವರದೊಂದು ನಡುದಾರಿಯಲ್ಲಿ ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಟ್ಯಾಂಕಿನಲ್ಲಿ ಅರ್ಧ ಡೀಸೆಲ್, ಅರ್ಧ ನೀರು. ಕದ್ದವನು ಅಳತೆ ಸರಿಹೋಗಲೆಂದು ನೀರು ಸುರಿದಿದ್ದ. ಉಳಿದ ಲಾರಿಗಳು ಮುಂದೆ ಹೋಗಿಬಿಟ್ಟಿದ್ದವು, ಎರಡು ದಿನ ಹನ್ನೊಂದು ಜವಾನರು ಬಿಸಿಲಲ್ಲಿ ಕೂತರು. ಟ್ಯಾಂಕಿನಲ್ಲಿ ನೀರಿತ್ತು, ಕುಡಿಯಲು ನೀರಿರಲಿಲ್ಲ. ವಿಚಾರಣೆ ನಡೆಯಿತು. ಮುದ್ರೆ ಒಡೆದಿಲ್ಲ, ಅಂದರೆ ಕದ್ದವನೇ ಹೊಸದಾಗಿ ಒತ್ತಿರಬೇಕು, ಮುದ್ರೆಯ ಇಕ್ಕಳ ಯಾರ ವಶದಲ್ಲಿತ್ತು ಎಂದು ಕೇಳಿದರು. ಅದೇ ಲಾರಿಯ ಚಾಲಕ ಮುಂದೆ ಬಂದು, ಇಕ್ಕಳ ಯಾವಾಗಲೂ ಹವಾಲ್ದಾರನ ಸೊಂಟದಲ್ಲೇ ಇರುತ್ತದೆ ಎಂದು ಹೇಳಿದ. ಅಷ್ಟೇ ಮಾತು. ಸುಳ್ಳೂ ಅಲ್ಲ. ಕಾಕಾ ಅವರ ದಾಖಲೆಪುಸ್ತಕದಲ್ಲಿ ಶಿಕ್ಷೆಯ ಕೆಂಪು ಶಾಯಿ ಬಿತ್ತು, ಅವಧಿಗೆ ಮೊದಲೇ ಮನೆಗೆ ಕಳಿಸಿದರು.

ಆ ಚಾಲಕ ನವಲಗುಂದದ ಕಡೆಯವನು. ಇಬ್ಬರೂ ಒಂದೇ ದಿನ ಭರ್ತಿಯಾಗಿ, ಒಂದೇ ರೈಲಿನಲ್ಲಿ, ಒಂದೇ ಬುತ್ತಿಯ ರೊಟ್ಟಿ ತಿಂದು ಹೋದವರು. ಕಾಕಾ ಅವನ ಹೆಸರು ಹೇಳುತ್ತಿರಲಿಲ್ಲ. "ನನ್ನ ಜೋಡೀದಾರ" ಅನ್ನುತ್ತಿದ್ದರು, ಅದೂ ಹಲ್ಲು ಕಚ್ಚಿ. ಗೇಜಿನ ತಟ್ಟೆಯ ದಾರಿ ಹೊಳೆದ ಮೇಲೆ ಅವರು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಒಂದಕ್ಕೂ ಉತ್ತರ ಬರಲಿಲ್ಲ. ಊರಲ್ಲಿ ಮಾತ್ರ ಸುದ್ದಿ ಬೇಗ ಹಬ್ಬಿತು. ಡೀಸೆಲ್ ಹವಾಲ್ದಾರ ಎಂದು ಅಡ್ಡಹೆಸರು ಬಿತ್ತು. ಬೆನ್ನ ಹಿಂದೆ ಅನ್ನುತ್ತಿದ್ದರು, ಆಮೇಲೆ ಮುಖದ ಮುಂದೆಯೂ ಅಂದರು. ಅವರ ಹೆಂಡತಿ, ನಾನು ಕಾಕಿ ಅನ್ನುತ್ತಿದ್ದೆ, ನೀರಿಗೆ ಹೋದಾಗ ಅದನ್ನು ಕೇಳಿಸಿಕೊಂಡು ಸುಮ್ಮನೆ ಕೊಡ ಎತ್ತಿಕೊಂಡು ಬರುತ್ತಿದ್ದರಂತೆ.

ಇಷ್ಟೇ ಆಗಿದ್ದರೆ ಸಿಟ್ಟು ಹಳೆಯದಾಗಿ ಸವೆದು ಹೋಗುತ್ತಿತ್ತೇನೋ... ಆದರೆ ಸವೆಯಲು ಅವನು ಬಿಡಬೇಕಲ್ಲ. ಜೋಡೀದಾರ ಮರ್ಯಾದೆಯಿಂದ ನಿವೃತ್ತನಾಗಿ ಬಂದು, ಲಾರಿಗಳನ್ನು ತಂದು ಒಯ್ಯುವ ಗುತ್ತಿಗೆದಾರನ ಹತ್ತಿರ ಚಾಲಕರ ಮುಖ್ಯಸ್ಥನಾಗಿದ್ದ. ತಿಂಗಳಿಗೊಮ್ಮೆ ನಮ್ಮ ಶೆಡ್ಡಿಗೇ ಬರುತ್ತಿದ್ದ. ಬಾಗಿಲಲ್ಲೇ ನಿಂತು ಎಲ್ಲರಿಗೂ ಕೇಳುವಂತೆ, "ಏನಪಾ ಡೀಸೆಲ್ ಹವಾಲ್ದಾರ, ಆರಾಮ ಇದ್ದೀಯಲ್ಲಾ?" ಅನ್ನುತ್ತಿದ್ದ. ಕೆಲಸದವರು ಮುಸಿಮುಸಿ ನಗುವರು. ಕಾಕಾ ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿ ತುರುಕಿಕೊಂಡು ಹಿಂದಿನ ಅಂಗಳಕ್ಕೆ ಹೋಗಿಬಿಡುತ್ತಿದ್ದರು.

ಆ ಬಲಗೈಯದೂ ಒಂದು ಕತೆ. ಶೆಡ್ಡಿಗೆ ಸೇರಿದ ವರ್ಷವೇ ತಗಡು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಉಂಗುರ ಬೆರಳು ಅರ್ಧ ಹೋಗಿತ್ತು. ಅವರು ಜೋಡೀದಾರನ ಎದುರಿಗೆ ಕೈ ಯಾಕೆ ಬಚ್ಚಿಡುತ್ತಾರೆ ಎಂದು ನಾನು ಬಹಳ ದಿನ ಯೋಚಿಸಿದ್ದೆ. ನಾಚಿಕೆ ಇರಬೇಕು, ಅವನ ಮುಂದೆ ಇನ್ನೊಂದು ಊನ ತೋರಿಸಬಾರದು ಅಂತ ಇರಬೇಕು ಎಂದುಕೊಂಡಿದ್ದೆ.

ಗೇಜಿನ ತಟ್ಟೆಗೆ ಒಂದು ಉಕ್ಕಿನ ಟೋಪಿ ಹಾಕೋಣ ಎಂದು ಕಾಕಾ ಮಾಲೀಕರಿಗೆ ಹೇಳಿದ್ದರು. ಸೇನೆಯ ಡ್ರಾಯಿಂಗಿನಲ್ಲಿ ಇಲ್ಲದ್ದನ್ನು ನಾವು ಮಾಡುವುದಿಲ್ಲ ಎಂದು ಅವರು ಹೇಳಿದರು. ಕಾಕಾ ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಒಂದು ಹಂತದಲ್ಲಿ ಕಾಕಾ ಕೇಳುವುದನ್ನೇ ಬಿಟ್ಟರು. ಮುದ್ರೆಗೆ ಸಹಿ ಹಾಕುವವಳು ನಾನು, ನನಗೆ ಅಂಜಿಕೆ. ಇನ್ನೊಮ್ಮೆ ಕೇಳಿ ನೋಡಿ ಅಂದೆ. ಅವರು ಟ್ಯಾಂಕಿನ ನೆತ್ತಿ ಸವರುತ್ತ ಅಂದರು, "ಬ್ಯಾಡ್ರಿ. ಎಲ್ಲಾ ಮುಚ್ಚಿದ್ರ ಇಲಿ ಸಿಗೂದಿಲ್ಲ. ಒಂದು ತೂತ ಇರ್ಲಿ."

ಆಗ ನನಗೆ ತಿಳಿಯಿತು. ತಿಳಿದ ಮೇಲೂ ನಾನು ಯಾರಿಗೂ ಹೇಳಲಿಲ್ಲ. ನನಗೂ ಬೇಕಾಗಿತ್ತು. ಆ ಮನುಷ್ಯ ಬಾಗಿಲಲ್ಲಿ ನಿಂತು ನಗುವುದನ್ನು ನೋಡಿ ನೋಡಿ ನನ್ನ ಪಿತ್ತ ನೆತ್ತಿಗೇರಿತ್ತು.

ಆ ವರ್ಷ ಖಂಡೇ ಪೂಜೆಯ ದಿನ ಆರು ಲಾರಿಗಳು ಸಿದ್ಧವಾಗಿ ಅಂಗಳದಲ್ಲಿ ನಿಂತಿದ್ದವು. ಪಾನಾ, ಇಕ್ಕಳ, ಸುತ್ತಿಗೆಗಳನ್ನೆಲ್ಲ ಕಂಬಳಿಯ ಮೇಲೆ ಜೋಡಿಸಿ ಕುಂಕುಮ ಹಚ್ಚಿ ಪೂಜೆ ಮಾಡಿದೆವು. ಲಾರಿಗಳಿಗೆ ಚೆಂಡು ಹೂವಿನ ಮಾಲೆ, ಗಾಲಿಯ ಕೆಳಗೆ ಲಿಂಬೆಹಣ್ಣು. ಕಾಕಾ ಒಂದು ಬಟ್ಟಲಲ್ಲಿ ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿಕೊಂಡು ಒಂದೊಂದೇ ಲಾರಿ ಹತ್ತಿದರು. ಪ್ರತಿ ಟ್ಯಾಂಕಿನ ಗೇಜಿನ ತಟ್ಟೆಯ ಮೇಲೆ, ಸ್ಕ್ರೂಗಳ ತಲೆಯನ್ನು ದಾಟಿ ಹೋಗುವಂತೆ, ಮೂರು ಬೆರಳಿನಿಂದ ಮೂರು ಗೆರೆ ಎಳೆದರು. ಒಣಗಿದ ಮೇಲೆ ಅದು ತಟ್ಟೆಗೆ ಅಂಟಿಕೊಂಡು ಕೂತಿತು. ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. ಪೂಜೆಯ ದಿನ ವಿಭೂತಿ ಹಚ್ಚದೆ ಇರುತ್ತಾರೆಯೇ?

ಬಟ್ಟಲು ಹಿಡಿದು ಜೊತೆಗೆ ಹತ್ತಿದವಳು ನಾನು. ಮೇಲಿನ ಎರಡು ಗೆರೆ ಪೂರಾ ಇದ್ದವು. ಮೂರನೆಯದು ಅರ್ಧಕ್ಕೆ ನಿಂತಿತ್ತು. ಆರು ಲಾರಿಗೂ ಹಾಗೇ. ಅರ್ಧ ಬೆರಳು ಎಷ್ಟು ಎಳೆದೀತು! ನಾನು ಅವರ ಕೈ ನೋಡಿದೆ, ಅವರು ನನ್ನ ಮುಖ ನೋಡಿದರು.

ಮರುದಿನ ದಸರೆ. ಹುಬ್ಬಳ್ಳಿ-ಧಾರವಾಡದಲ್ಲಿ ಅವತ್ತು ಜಗಳವಾಡಿದವರೂ ಬನ್ನಿ ಕೊಟ್ಟು ಕಾಲು ಮುಟ್ಟುತ್ತಾರೆ, ಬಂಗಾರದ ಹಾಗೆ ಇರೋಣ ಅನ್ನುತ್ತಾರೆ. ಲಾರಿ ಒಯ್ಯಲು ಬಂದ ಜೋಡೀದಾರನೂ ಎಲ್ಲರಿಗೂ ಬನ್ನಿ ಹಂಚುತ್ತ ಕಾಕಾ ಅವರ ಮುಂದೆ ಬಂದು ನಿಂತ. ಕೈ ಮುಂದೆ ಚಾಚಿದ. ಕಾಕಾ ಜೇಬಿನಿಂದ ಕೈ ತೆಗೆಯಲಿಲ್ಲ.

"ನಿನ್ನ ಬಂಗಾರ ನಿನ್ನ ಹಂತ್ಯಾಕ ಇರ್ಲಿ" ಅಂದರು.

ದಸರೆಯ ದಿನ ಬನ್ನಿ ಇಸಿದುಕೊಳ್ಳದೆ ಇರುವುದೆಂದರೆ ಸಣ್ಣ ಮಾತಲ್ಲ. ಮಾಲೀಕರು ನಡುವೆ ಬಂದು ಏನೋ ಹೇಳಿ ನಗಿಸಲು ನೋಡಿದರು. ಜೋಡೀದಾರ ಬನ್ನಿ ಎಲೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಲಾರಿ ಹತ್ತಿದ. ಅವನ ಮುಖ ಸಣ್ಣದಾಗಿತ್ತು. ನನಗೆ ಹಬ್ಬದ ಹೋಳಿಗೆಗಿಂತ ಅದು ರುಚಿಯೆನಿಸಿತು, ಸುಳ್ಳು ಯಾಕೆ ಹೇಳಲಿ.

ಡಿಪೋ ಅರ್ಧ ದಿನದ ದಾರಿ. ಮರುದಿನ ಮುಂಜಾನೆ ಫೋನು ಬಂತು. ಅಲ್ಲಿ ಟ್ಯಾಂಕು ಪರೀಕ್ಷಿಸುವ ಸುಬೇದಾರ ಸಾಹೇಬರು ಪ್ರತಿ ಟ್ಯಾಂಕಿನ ತಳದಿಂದ ಗಾಜಿನ ಬಾಟಲಿಗೆ ಎಣ್ಣೆ ಬಸಿದು ನೋಡಿದ್ದರು. ಎರಡು ಲಾರಿಗಳ ಬಾಟಲಿಯಲ್ಲಿ ತಳಕ್ಕೆ ನೀರು ನಿಂತಿತ್ತು. ಮುದ್ರೆ ಒಡೆದಿರಲಿಲ್ಲ. ಮಾಲೀಕರು ಕಾಕಾ ಅವರನ್ನು ಕರೆದು, ನಿಮ್ಮ ಕೆಂಪು ಶಾಯಿ ಗೊತ್ತಿದ್ದೂ ಇಟ್ಟುಕೊಂಡದ್ದು ನನ್ನ ತಪ್ಪು ಎಂದರು. ಮುದ್ರೆ ನನ್ನದು ಎಂದು ನಾನು ಅಂದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕಾಕಾ ಮಾತ್ರ ಜೋಳದ ಹಿಟ್ಟು ತೆಗೆದುಕೊಂಡು ನಿಧಾನವಾಗಿ ಕೈ ತೊಳೆದುಕೊಂಡರು. ಹೋಗೋಣ ನಡೆಯಿರಿ ಅಂದರು. ಮೂವರೂ ಮಾಲೀಕರ ಕಾರಿನಲ್ಲಿ ಹೋದೆವು.

ಜೋಡೀದಾರ ಅಲ್ಲೇ ಇದ್ದ, ತಾನೇ ಸಾಕ್ಷಿ ಹೇಳುವವನ ಹಾಗೆ ಎದೆ ಮುಂದೆ ಮಾಡಿ. ಕಾಕಾ ಸುಬೇದಾರ ಸಾಹೇಬರಿಗೆ ಸೆಲ್ಯೂಟ್ ಹೊಡೆದು, ಟ್ಯಾಂಕುಗಳ ನೆತ್ತಿಯ ಮೇಲಿನ ವಿಭೂತಿಯನ್ನು ತಾವೇ ನೋಡಬೇಕು ಎಂದು ಬೇಡಿಕೊಂಡರು. ಸಾಹೇಬರು ಹತ್ತಿದರು. ನಾಲ್ಕು ಲಾರಿಗಳಲ್ಲಿ ಮೂರನೆಯ ಗೆರೆ ಅರ್ಧ. ನೀರು ಸಿಕ್ಕ ಎರಡರಲ್ಲಿ ಮಾತ್ರ ಮೂರೂ ಗೆರೆ ಪೂರಾ, ಚೆಂದಾಗಿ, ಒಂದೇ ಉದ್ದ. ಆಗ ಕಾಕಾ ಜೇಬಿನಿಂದ ಬಲಗೈ ತೆಗೆದು ಎಲ್ಲರೆದುರಿಗೆ ಅಗಲಿಸಿ ಹಿಡಿದರು.

ಜೋಡೀದಾರ ಆ ಅರ್ಧ ಬೆರಳನ್ನೇ ನೋಡುತ್ತ ನಿಂತ. ಸಾಹೇಬರು ಅವನ ಕಿಸೆ ತಪಾಸಣೆ ಮಾಡಲು ಹೇಳಿದರು. ಬಾಡಿದ ಬನ್ನಿ ಎಲೆಯ ಜೊತೆಗೆ ವಿಭೂತಿಗಟ್ಟಿ ಸಿಕ್ಕಿತು. ನಮ್ಮ ಕಡೆಯ ಯಾವ ಗಂಡಸಿನ ಕಿಸೆಯಲ್ಲಿ ಅದು ಇರುವುದಿಲ್ಲ! ಆದರೆ ಅವನಿಗೆ ವಾದ ಮಾಡುವ ತ್ರಾಣವೇ ಉಳಿದಿರಲಿಲ್ಲ. "ಅಳಿಸಿ ಹಂಗ ಬಿಡಾಕ ಮನಸ ಆಗಲಿಲ್ರಿ ಸಾಹೇಬ್ರ. ಪೂಜಿ ಮಾಡಿದ್ದು, ವಿಭೂತಿ..." ಎಂದು ತಲೆ ತಗ್ಗಿಸಿದ. ಡೀಸೆಲ್ ಕದಿಯಲು ಅಂಜಲಿಲ್ಲ, ನೀರು ಸುರಿಯಲು ಅಂಜಲಿಲ್ಲ, ಬೋಳು ತಟ್ಟೆ ಬಿಟ್ಟು ಹೋಗಲು ಅಂಜಿದ. ಕದ್ದ ಕೈಯಿಂದಲೇ ಭಕ್ತಿಯಿಂದ ಮೂರು ಗೆರೆ ಎಳೆದಿದ್ದ.

ಕಾಕಾ ಅವನ ಹತ್ತಿರ ಹೋದರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆಯಲಿ ಎಂದುಕೊಂಡೆ. ಅವರು ಕೇಳಿದ್ದು ಒಂದೇ.

"ಮರುಭೂಮ್ಯಾಗಿಂದು?"

ಅವನು ತಲೆ ಎತ್ತಿ ನೋಡಿದ. ಒಂದು ಹೂಂ ಅಂದಿದ್ದರೆ ಸಾಕಿತ್ತು, ಸುಬೇದಾರ ಸಾಹೇಬರು ಕಾಗದ ಪೆನ್ನು ಹಿಡಿದೇ ನಿಂತಿದ್ದರು. ಅವನು, "ಅದು ನಂಗ ಗೊತ್ತಿಲ್ಲ" ಅಂದ.

ಅವನ ಕೆಲಸ ಹೋಯಿತು, ಪೊಲೀಸು ಕೋರ್ಟು ಎಂದು ಅಲೆದ. ಸುಬೇದಾರ ಸಾಹೇಬರು ಶಿಫಾರಸು ಮಾಡಿದ್ದರಿಂದ ಉಕ್ಕಿನ ಟೋಪಿ ಡ್ರಾಯಿಂಗಿನಲ್ಲಿ ಬಂತು. ಕಾಕಾ ನೂರಾರು ಟ್ಯಾಂಕುಗಳಿಗೆ ಅದನ್ನು ತಮ್ಮ ಕೈಯಾರೆ ಕೂಡಿಸಿದರು. ಆದರೆ ಕೆಂಪು ಶಾಯಿ ಇದ್ದ ಹಾಗೇ ಇತ್ತು. ಅವತ್ತು ಕಾರಿನಲ್ಲಿ ತಿರುಗಿ ಬರುವಾಗ ಗೆದ್ದು ಬಂದಿದ್ದೇವೆ ಎಂದು ನಾನೇ ವಟಗುಟ್ಟುತ್ತಿದ್ದೆ. ಗೋಕುಲ ರಸ್ತೆಗೆ ಬಂದು ಇಳಿಯುವಾಗ ಮಾತ್ರ ಕಾಕಾ, ಅವನು ಸಾಯುವುದರೊಳಗೆ ನಾನು ಸಾಯುವುದಿಲ್ಲ ಎಂದರು...

ಅದೊಂದು ಮಾತು ನಡೆಯಲಿಲ್ಲ. ಎರಡು ವರ್ಷದ ಹಿಂದೆ ಕಾಕಾ ತೀರಿಕೊಂಡರು. ನಾನು ಹೋದಾಗ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂಡಿಸಿದ್ದರು. ಭಜನೆ ನಡೆದಿತ್ತು. ಯಾರೋ ಹಣೆಗೆ ಮೂರು ಗೆರೆ ಪೂರಾ ಹಚ್ಚಿದ್ದರು. ನಾನು ಹತ್ತಿರ ಹೋಗಿ, ಸೆರಗಿನ ತುದಿಯಿಂದ ಮೂರನೆಯದನ್ನು ಅರ್ಧ ಒರೆಸಿದೆ. ಅವರು ದಿನಾ ಹಚ್ಚಿಕೊಳ್ಳುತ್ತಿದ್ದದ್ದು ಹಾಗೇ ಅಲ್ಲವೇ.

ಹೊರಗೆ ಬಂದರೆ ಅಂಗಳದ ಬಾಗಿಲಲ್ಲಿ ಜೋಡೀದಾರ ನಿಂತಿದ್ದ. ತಲೆ ಪೂರಾ ಬೆಳ್ಳಗಾಗಿತ್ತು, ಅಂಗಿ ಹೆಗಲಿನಿಂದ ಜೋತುಬಿದ್ದಿತ್ತು. ಕೈಯಲ್ಲಿ ಒಂದಿಷ್ಟು ಬಿಲ್ವಪತ್ರಿ. ನನ್ನ ಗುರುತು ಹಿಡಿದ.

"ಬಾಯಾರ, ಮಣ್ಣ ಮಾಡೂದ್ರೊಳಗ ನಾ ಎಲ್ಲಾರ ಮುಂದ ಒಂದ ಮಾತ ಹೇಳಬೇಕಾಗೇತ್ರಿ" ಅಂದ.

ನನಗೆ ಮೈಯೆಲ್ಲ ಉರಿಯಿತು. ಇನ್ನು ಇವನು ಹೆಣದ ಮುಂದೆ ನಿಂತು ಸ್ನೇಹದ ಭಾಷಣ ಮಾಡಬೇಕೇ, ಒಂದೇ ಬುತ್ತಿಯ ರೊಟ್ಟಿ ತಿಂದವರು ಎಂದು ಕಣ್ಣು ಒರೆಸಿಕೊಳ್ಳಬೇಕೇ? ನಾನು ಬಾಗಿಲಿಗೆ ಅಡ್ಡ ನಿಂತೆ.

"ಅವರು ನಿಮ್ಮ ಬನ್ನಿ ಇಸ್ಕೊಳ್ಳಲಿಲ್ಲ. ಪತ್ರೀನೂ ಬ್ಯಾಡ. ಹೋಗ್ರಿ."

ಅವನು ಏನೋ ಹೇಳಲು ಬಾಯಿ ತೆರೆದ. ಹೋಗ್ರಿ ಎಂದು ಇನ್ನೊಮ್ಮೆ ಅಂದೆ. ಪತ್ರಿಯನ್ನು ಕಟ್ಟೆಯ ಮೇಲೆ ಇಟ್ಟು, ಕೈ ಮುಗಿದು ಹೋದ. ಕಾಕಾ ಮಾಡಬೇಕಾದದ್ದನ್ನು ನಾನು ಮಾಡಿದೆ ಎಂದು ಎದೆ ಉಬ್ಬಿತು. ಅವತ್ತು ಬಸ್ಸಿನಲ್ಲಿ ಬರುವಾಗ ಎಷ್ಟೋ ದಿನಗಳ ಮೇಲೆ ಹಗುರಾಗಿದ್ದೆ.

ಮೂರನೆಯ ದಿನ ಕಾಕಿಯ ಹತ್ತಿರ ಕೂತಿದ್ದೆ. ಅವರು ತಾವಾಗಿಯೇ ಹೇಳಿದರು. ಕಾಕಾ ಹಾಸಿಗೆ ಹಿಡಿದಾಗ ಜೋಡೀದಾರ ಮನೆಗೆ ಬಂದಿದ್ದನಂತೆ. ಕಾಕಾ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟರಂತೆ. ಅವನು ಒಲೆಯ ಮುಂದೆ ಕೂತು ಅತ್ತು, ಮರುಭೂಮಿಯಲ್ಲಿ ಐದು ಸ್ಕ್ರೂ ಬಿಚ್ಚಿದವನು ತಾನೇ ಎಂದು ಕಾಕಿಗೆ ಹೇಳಿದನಂತೆ. ಊರವರೆಲ್ಲ ಸೇರಿದಾಗ ಎಲ್ಲರ ಮುಂದೆ ಹೇಳಿ ಕಳಂಕ ತೆಗೆಯುತ್ತೇನೆ ಎಂದು ಮಾತು ಕೊಟ್ಟು ಹೋದನಂತೆ.

"ಇಡೀ ಊರ ಸೇರಿತ್ತು ಯವ್ವಾ. ಅಂವ ಬಂದು ಹೇಳ್ತಾನ ಅಂತ ನಾ ಬಾಗಲಾನ ನೋಡಾಕತ್ತಿದ್ನಿ. ಬರಲಿಲ್ಲ ನೋಡು... ಅಂಜಿರಬೇಕು" ಅಂದರು.

ನಾನು ನೀರು ಕುಡಿದು ಎದ್ದು ಬಂದೆ. ಒಂದು ತಿಂಗಳು ತಡೆದು, ಕೊನೆಗೆ ನವಲಗುಂದದ ಕಡೆಯ ಅವನ ಹಳ್ಳಿ ಹುಡುಕಿಕೊಂಡು ಹೋದೆ. ಕಾಲಿಗೆ ಬಿದ್ದಾದರೂ ಕರೆದುಕೊಂಡು ಬರೋಣವೆಂದು. ಮನೆಗೆ ಕೀಲಿ ಹಾಕಿತ್ತು. ತೀರಿಹೋಗಿ ಹದಿನೈದು ದಿನವಾಯಿತು, ಮಲಗಿದಲ್ಲೇ ಎಂದು ಪಕ್ಕದ ಮನೆಯವರು ಹೇಳಿದರು. ಕಾಕಿ ಹೇಳಿದರೆ ಊರು ನಂಬುವುದಿಲ್ಲ, ಹೆಂಡತಿ ಅಲ್ಲವೇ, ಅನ್ನದೆ ಇರುತ್ತಾಳೆಯೇ ಅನ್ನುತ್ತದೆ. ನಾನು ಹೇಳಿದರೂ ಅಷ್ಟೇ. ಹೇಳಬಲ್ಲ ಬಾಯಿ ಒಂದೇ ಇತ್ತು, ಅದನ್ನು ನಾನೇ ಬಾಗಿಲಲ್ಲಿ ಮುಚ್ಚಿಸಿದೆ.

ಇಷ್ಟಾದರೂ ಅವನ ಮೇಲಿನ ಸಿಟ್ಟು ಇಳಿದಿದೆಯೇ ಎಂದರೆ ಇಲ್ಲ. ಅವತ್ತು ಡಿಪೋದಲ್ಲಿ ಹೇಳಬಹುದಿತ್ತಲ್ಲ, ಬದುಕಿದ್ದಾಗ, ಕಾಕಾ ಕಿವಿಯಾರೆ ಕೇಳುವ ಹಾಗೆ? ಆದರೆ ಈಗ ಆ ಸಿಟ್ಟು ಅವನ ಕಡೆ ಹೊರಟು ಅರ್ಧ ದಾರಿಯಲ್ಲಿ ತಿರುಗಿ ನನ್ನ ಕಡೆಯೇ ಬರುತ್ತದೆ.

ಸೀಸದ ಮುದ್ರೆಯನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ. ಇವತ್ತು ಮುಂಜಾನೆ ಹೊಸ ಮೀಟರಿನ ಡಬ್ಬಿಗೆ ಉಂಗುರ ಬೆರಳು ಅರ್ಧ ಮಡಚಿಕೊಂಡು ವಿಭೂತಿ ಹಚ್ಚಿದೆ. ಆಮೇಲೆ ಕಾಕಿಯನ್ನು ನೋಡಿಕೊಂಡು ಬರಲು ಹೊರಟೆ. ಬಸ್ಸಿಳಿದು ಆಟೋದವನಿಗೆ ದಾರಿ ಹೇಳಲು ಹೊರಟರೆ ಅವನೇ, "ಡೀಸೆಲ್ ಹವಾಲ್ದಾರನ ಮನಿ ಅಲ್ರೀ?" ಅಂದ. ಹೌದು ಅಂದೆ.

ಕಾಕಿ ಚಹಾ ಮಾಡಿ ಕೊಟ್ಟರು. ಹೋದ ಸಲದ ಹಾಗೇ ಮತ್ತೆ ಅದೇ ಮಾತು ತೆಗೆದರು, ಅಂಜಿರಬೇಕು, ಪಾಪ, ಭಾಳ ಮಂದಿ ಇದ್ದರಲ್ಲ ಎಂದರು. ನಾನು ಇನ್ನೂ ಅವರಿಗೆ ಹೇಳಿಲ್ಲ.